ಭಾರವೂ ದೂರವೂ

ಮನೆಯ ಗೋಡೆಯ ಗಡಿಯಾರವು ಒಂದು ದಿನ ನಿಂತುಹೋದರೆ, ಅದನ್ನು ಕೆಳಗಿಳಿಸಿ, ಬೆನ್ನಿನ ಮುಚ್ಚಳವನ್ನು ತೆಗೆದು, ಒಳಗಿನ ಚಕ್ರಗಳು ಒಂದನ್ನೊಂದು ಹೇಗೆ ತಿರುಗಿಸುತ್ತವೆಂದು ನೋಡುವ ಕುತೂಹಲ ನಮ್ಮಲ್ಲಿ ಬಹುಮಂದಿಗೆ ಉಂಟು. ಹೊಲಿಗೆಯ ಯಂತ್ರ, ನೀರೆತ್ತುವ ಪಂಪು, ಮಕ್ಕಳ ಸೈಕಲ್ಲು, ಇವುಗಳಲ್ಲಿ ಯಾವುದು ಕೆಟ್ಟರೂ ಅದರ ಮರ್ಮವನ್ನು ತಿಳಿಯದೆ ನಮಗೆ ಸಮಾಧಾನವಾಗದು. ಆದರೆ ಹುಟ್ಟಿದಂದಿನಿಂದ ಒಂದು ಗಳಿಗೆಯೂ ನಮ್ಮನ್ನು ಅಗಲದೆ, ಕೂತಾಗಲೂ ನಿಂತಾಗಲೂ ನಡೆದಾಗಲೂ ದುಡಿಯುತ್ತಿರುವ ಯಂತ್ರವೊಂದುಂಟು. ಅದನ್ನು ಕುರಿತು ನಾವು ವಿಚಾರಿಸುವುದು ಅದರ ಕೀಲುಗಳು ನೋಯತೊಡಗಿದ ಮೇಲೆಯೇ. ನಮ್ಮ ದೇಹವೇ ಆ ಯಂತ್ರವೆಂದು ಬೇರೆ ಹೇಳಬೇಕಾಗಿಲ್ಲ. ರಕ್ತ, ಉಸಿರು, ಜೀರ್ಣಶಕ್ತಿಗಳ ವಿಷಯವನ್ನು ವೈದ್ಯರಿಗೆ ಬಿಟ್ಟು, ಎಲುಬು ಕೀಲು ಸ್ನಾಯುಗಳು ಸೇರಿ ನಮ್ಮನ್ನು ಎತ್ತಿ ನಡೆಸುವ ಬಗೆಯನ್ನು ಮಾತ್ರ ಇಲ್ಲಿ ನೋಡೋಣ. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ತಕ್ಕಡಿಯಲ್ಲಿ ತೂಗಿ ಸಾಮಾನು ಕೊಂಡು ಬಲ್ಲ ಗೃಹಸ್ಥರಿಗೂ ಗೃಹಿಣಿಯರಿಗೂ ಇದರ ಮೊದಲ ಪಾಠ ಆಗಲೇ ಗೊತ್ತಿದೆ.

ಯಂತ್ರಶಾಸ್ತ್ರದಲ್ಲಿ ಎಲ್ಲಕ್ಕಿಂತ ಹಳೆಯದೂ ಸರಳವೂ ಆದ ಸಾಧನವೆಂದರೆ ಸನ್ನೆ. ಕಲ್ಲನ್ನು ಎಬ್ಬಿಸಲು ಅದರ ಅಡಿಗೆ ಹಾರೆಯನ್ನು ತೂರಿಸಿ, ಹತ್ತಿರದಲ್ಲಿ ಒಂದು ಸಣ್ಣ ಕಲ್ಲನ್ನು ಒತ್ತುಕೊಟ್ಟು, ದೂರದ ತುದಿಯನ್ನು ಅದುಮುತ್ತೇವೆ. ಆ ಸಣ್ಣ ಕಲ್ಲಿಗೆ ಆನಿಕೆ ಎಂದು ಹೆಸರು. ಆನಿಕೆಯಿಂದ ಭಾರವು ಎಷ್ಟು ದೂರದಲ್ಲಿದೆಯೋ ಅದರಿಂದ ಭಾರವನ್ನು ಗುಣಿಸಬೇಕು. ಕೈಯ ಒತ್ತಡವನ್ನೂ ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಎರಡು ಗುಣಲಬ್ಧಗಳೂ ಸಮವಾದರೆ ಸನ್ನೆ ಸಮವಾಗಿ ನಿಲ್ಲುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಿರಾಕ್ಯೂಸಿನ ಆರ್ಕಿಮಿಡೀಸನು ಈ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದನು. ಭಾರವು ಎಷ್ಟು ಎಂಬುದೊಂದೇ ಮುಖ್ಯವಲ್ಲ, ಅದು ಎಷ್ಟು ದೂರದಲ್ಲಿ ನಿಂತಿದೆ ಎಂಬುದೂ ಅಷ್ಟೇ ಮುಖ್ಯ, ಎಂಬುದು ಇದರ ತಾತ್ಪರ್ಯ.

ಸನ್ನೆಗಳಲ್ಲಿ ಮೂರು ಜಾತಿ. ಮೂರೂ ನಮ್ಮ ಮನೆಯಲ್ಲಿಯೇ ಇವೆ. ತಕ್ಕಡಿಯಲ್ಲಿ ಆನಿಕೆಯು ನಡುವೆ ಇದ್ದು, ಸಾಮಾನು ಒಂದು ಕಡೆ, ಬಟ್ಟು ಇನ್ನೊಂದು ಕಡೆ ಇರುತ್ತದೆ. ಇದು ಮೊದಲನೆಯ ಜಾತಿ. ಅಡಕೊತ್ತಿನಲ್ಲಿ ಕೀಲು ಒಂದು ತುದಿಯಲ್ಲಿದೆ, ಅಡಕೆ ನಡುವೆ ಇದೆ, ಅದುಮುವ ಕೈ ಇನ್ನೊಂದು ತುದಿಯಲ್ಲಿದೆ, ಇದು ಎರಡನೆಯದು. ಕೈ ದೂರದಲ್ಲಿಯೂ ಅಡಕೆ ಹತ್ತಿರದಲ್ಲಿಯೂ ಇರುವುದರಿಂದ ಸಣ್ಣ ಒತ್ತಡಕ್ಕೆ ಗಟ್ಟಿಯಾದ ಅಡಕೆಯೂ ಸೀಳುತ್ತದೆ. ಒಲೆಯ ಕೆಂಡವನ್ನು ಎತ್ತುವ, ಒಂದೇ ತುದಿಯಲ್ಲಿ ಮಡಿಸಿದ ಕಬ್ಬಿಣದ ಚಿಮಟವು ಮೂರನೆಯ ಜಾತಿ. ಅಲ್ಲಿ ಕೈಯು ನಡುವೆ, ಕೆಂಡವು ಕೊನೆಯ ತುದಿಯಲ್ಲಿ. ಬೆರಳುಗಳು ಸ್ವಲ್ಪವೇ ಅದುಮಿದರೂ ತುದಿಗಳು ಹೆಚ್ಚು ಚಲಿಸುತ್ತವೆ. ಆದರೆ ಬಲದಲ್ಲಿ ನಷ್ಟವುಂಟು. ಚಿಮಟದಿಂದ ಅಡಕೆಯನ್ನು ಒಡೆಯಲು ಯಾರೂ ಹೋಗುವುದಿಲ್ಲ.

ಈ ಮೂರನ್ನೂ ದೇಹದಲ್ಲಿ ಹುಡುಕಿದರೆ ಸಿಕ್ಕುತ್ತವೆ. ಕತ್ತಿನ ಮೇಲೆ ತಲೆಯು ತಕ್ಕಡಿಯ ದಂಡಿಗೆಯಂತೆ ಕೂತಿದೆ. ಮುಂದಕ್ಕೆ ವಾಲುವ ಮುಖದ ಭಾರವನ್ನು ಹಿಂಗತ್ತಿನ ಸ್ನಾಯುಗಳು ಎಳೆದು ಸರಿದೂಗಿಸುತ್ತವೆ. ಕೂತಲ್ಲಿಯೇ ತೂಕಡಿಸುವವರ ತಲೆ ಎದೆಯ ಕಡೆಗೆ ಬೀಳುವುದೇಕೆಂದರೆ, ಹಿಂದಿನ ಸ್ನಾಯುಗಳು ನಿದ್ರೆಯಲ್ಲಿ ತಮ್ಮ ಪಟ್ಟನ್ನು ಸಡಿಲಿಸುತ್ತವೆ. ಅಟ್ಟದ ಡಬ್ಬವನ್ನು ಎಟುಕಿಸಿಕೊಳ್ಳಲು ತುದಿಗಾಲಿನ ಮೇಲೆ ನಿಂತಾಗ ಪಾದವು ಅಡಕೊತ್ತಿನಂತೆ ಕೆಲಸಮಾಡುತ್ತದೆ: ಬೆರಳುಗಳ ಬುಡ ಆನಿಕೆ, ನಡುವೆ ಮೈಯ ಭಾರ, ಹಿಮ್ಮಡಿಯಲ್ಲಿ ಮೀನಖಂಡದ ಎಳೆತ. ಉಳಿದ ಸನ್ನೆಗಳೆಲ್ಲ ಹೆಚ್ಚುಕಡಮೆ ಚಿಮಟದ ಜಾತಿಗೆ ಸೇರಿದವು; ಬಲದಲ್ಲಿ ನಷ್ಟವನ್ನು ಅನುಭವಿಸತಕ್ಕವು.

ಈ ಮಾತನ್ನು ಮೊದಲು ಲೆಕ್ಕಹಾಕಿ ಹೇಳಿದವನು ಇಟಲಿಯ ಜೊವಾನ್ನಿ ಅಲ್ಫಾನ್ಸೋ ಬೊರೆಲ್ಲಿ. ಅವನು 1608ರಲ್ಲಿ ನೇಪಲ್ಸಿನಲ್ಲಿ ಹುಟ್ಟಿ, ಗೆಲಿಲಿಯೋವಿನ ಶಿಷ್ಯನೊಬ್ಬನಲ್ಲಿ ಗಣಿತವನ್ನು ಕಲಿತನು. ಪ್ರಾಣಿಗಳ ಚಲನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಅವನು ಬರೆದ ಗ್ರಂಥವು ಅವನ ಜೀವಿತಕಾಲದಲ್ಲಿ ಬೆಳಕು ಕಾಣಲಿಲ್ಲ. 1679ರ ಕೊನೆಯಲ್ಲಿ ಅವನು ತೀರಿಕೊಂಡ ಮೇಲೆ 1680 ಮತ್ತು 1681ರಲ್ಲಿ ಎರಡು ಭಾಗಗಳಾಗಿ ರೋಮಿನಲ್ಲಿ ಅಚ್ಚಾಯಿತು. ಪ್ರಕೃತಿಯು ಜಾಣತನದಿಂದ ಸಣ್ಣ ಬಲವನ್ನು ವೆಚ್ಚಮಾಡಿ ದೊಡ್ಡ ಭಾರವನ್ನು ಎತ್ತಿಸುತ್ತದೆ ಎಂಬುದು ಅಂದಿನ ಪಂಡಿತರ ನಂಬಿಕೆಯಾಗಿತ್ತು. ಬೊರೆಲ್ಲಿಯು ಎಲುಬುಗಳನ್ನು ಅಳೆದು, ಸ್ನಾಯುಗಳು ಎಲುಬಿಗೆ ಎಲ್ಲಿ ಅಂಟಿಕೊಂಡಿವೆಯೆಂಬುದನ್ನು ನೋಡಿ, ಸಂಗತಿಯು ತಲೆಕೆಳಗಾಗಿದೆಯೆಂದು ತೋರಿಸಿದನು. ಸಣ್ಣ ಭಾರವನ್ನು ಎತ್ತಲು ಸ್ನಾಯುವು ಅದಕ್ಕಿಂತ ಹಲವು ಮಡಿ ಹೆಚ್ಚಾದ ಬಲದಿಂದ ಎಳೆಯಬೇಕಾಗುತ್ತದೆ.

ನಮ್ಮ ಮೊಳಕೈಯನ್ನೇ ನೋಡೋಣ. ತೋಳಿನ ಮುಂಭಾಗದ ಸ್ನಾಯುವು ಮೊಳಕೈಯ ಕೀಲಿನಿಂದ ಸುಮಾರು 2 ಅಂಗುಲದ ಆಚೆಗೆ ಮುಂಗೈಯೆಲುಬಿಗೆ ಅಂಟಿಕೊಂಡಿದೆ. ಅಂಗೈಯಲ್ಲಿ ಹಿಡಿದ ವಸ್ತುವು ಅದೇ ಕೀಲಿನಿಂದ ಸುಮಾರು 14 ಅಂಗುಲದ ದೂರದಲ್ಲಿರುತ್ತದೆ. ಎಂದರೆ ಭಾರವು ಸ್ನಾಯುವಿಗಿಂತ ಏಳು ಮಡಿ ದೂರದಲ್ಲಿದೆ. 5 ಕಿಲೋ ಅಕ್ಕಿಯ ಚೀಲವನ್ನು ಮೊಳಕೈ ಮಡಿಸಿ ಹಿಡಿದಾಗ ಸ್ನಾಯುಗಳು ಎಳೆಯಬೇಕಾದುದು 35 ಕಿಲೋ; ಮುಂಗೈಯ ಸ್ವಂತ ಭಾರಕ್ಕೆ ಬೇಕಾದುದು ಇದಕ್ಕೆ ಹೊರತು.

ಹೀಗಾದರೆ ಪ್ರಕೃತಿಯು ದುಂದುಗಾರ್ತಿಯೆ? ಹಾಗಲ್ಲ. ಸ್ನಾಯುವು ತನ್ನ ಉದ್ದದ ಒಂದು ಪಾಲಿನಷ್ಟು ಮಾತ್ರ ಕುಗ್ಗಬಲ್ಲದು. ಕೀಲಿನ ಹತ್ತಿರ ಅಂಟಿಕೊಂಡಿರುವುದರಿಂದಲೇ, ಅದು ಒಂದು ಅಂಗುಲ ಕುಗ್ಗಿದರೆ ಅಂಗೈಯು ಏಳು ಅಂಗುಲ ಚಲಿಸುತ್ತದೆ, ಅದೂ ಏಳು ಮಡಿ ವೇಗದಿಂದ. ಕಲ್ಲೆಸೆಯುವುದು, ಮಗು ಬೀಳುವಾಗ ಥಟ್ಟನೆ ಕೈಚಾಚಿ ಹಿಡಿಯುವುದು, ಒಗೆಯುವ ಬಟ್ಟೆಯನ್ನು ಬೀಸಿ ಕಲ್ಲಿಗೆ ಬಡಿಯುವುದು, ಎಲ್ಲವೂ ಈ ಏರ್ಪಾಟಿನ ಫಲ. ದೇಹವು ಬಲವನ್ನು ತೆತ್ತು ವೇಗವನ್ನೂ ವಿಸ್ತಾರವನ್ನೂ ಕೊಂಡುಕೊಂಡಿದೆ. ಎರಡನ್ನೂ ಪುಕ್ಕಟೆಯಾಗಿ ಕೊಡುವ ಅಂಗಡಿ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಆದರೆ ಈ ವ್ಯಾಪಾರದ ಬೆಲೆಯನ್ನು ತೆರುವವು ಕೀಲುಗಳು. ಸ್ನಾಯುವು ಎಳೆದ ಬಲವೆಲ್ಲ ಕಡೆಗೆ ಕೀಲಿನ ಮೇಲೆಯೇ ಬಂದು ಒತ್ತುತ್ತದೆ.

ಮೊಳಕೈಗಿಂತ ಹೆಚ್ಚಾಗಿ ಈ ಬೆಲೆಯನ್ನು ತೆರುವುದು ನಮ್ಮ ಬೆನ್ನು. ಬೆನ್ನುಮೂಳೆಯ ಹಿಂದೆ ಉದ್ದಕ್ಕೂ ಹಬ್ಬಿರುವ ಸ್ನಾಯುಗಳು ಮೂಳೆಯ ಮಧ್ಯದಿಂದ ಸುಮಾರು 2 ಅಂಗುಲದ ದೂರದಲ್ಲಿವೆ. 10 ಕಿಲೋ ತೂಗುವ ನೀರಿನ ಕೊಡವನ್ನು ಕೈಚಾಚಿ 20 ಅಂಗುಲದ ದೂರದಲ್ಲಿ ಹಿಡಿದರೆ, ಕೊಡದ ಪಾಲಿಗೇ ಬೆನ್ನಿನ ಸ್ನಾಯುಗಳು 100 ಕಿಲೋ ಬಲದಿಂದ ಎಳೆಯಬೇಕು. ಅದೇ ಕೊಡವನ್ನು ಮೈಗೆ ಒತ್ತಿಕೊಂಡು 10 ಅಂಗುಲಕ್ಕೆ ತಂದರೆ 50 ಕಿಲೋ ಸಾಕು. ಕೊಡ ಅದೇ, ನೀರೂ ಅದೇ. ಇನ್ನೂ ವಿಚಿತ್ರವಾದುದೊಂದುಂಟು. 60 ಕಿಲೋ ತೂಕದವರಲ್ಲಿ ಸೊಂಟದಿಂದ ಮೇಲಿನ ಭಾಗವೇ 30 ಕಿಲೋ ಇರುತ್ತದೆ. ಅವರು ಏನನ್ನೂ ಎತ್ತದೆ, ಕೆಳಗೆ ಬಿದ್ದ ಸೂಜಿಗಾಗಿ ನಡುವನ್ನು ಪೂರಾ ಬಗ್ಗಿಸಿದರೂ, ಆ 30 ಕಿಲೋ 10 ಅಂಗುಲದಷ್ಟು ಮುಂದಕ್ಕೆ ಬರುತ್ತದೆ. ಸ್ನಾಯುಗಳ ಮೇಲಿನ ಎಳೆತ 150 ಕಿಲೋ ಆಗುತ್ತದೆ. ಗಿಡ್ಡ ಪೊರಕೆಯನ್ನು ಹಿಡಿದು ಗಂಟೆಗಟ್ಟಲೆ ಬಗ್ಗಿ ಅಂಗಳವನ್ನು ಗುಡಿಸುವವರ ಸೊಂಟ ನೋಯುವುದು ಸೋಮಾರಿತನದ ನೆಪವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಉದ್ದನೆಯ ಹಿಡಿಯುಳ್ಳ ಪೊರಕೆಯೊಂದನ್ನು ತಂದುಕೊಡುವುದು ಯಾವ ಲೇಪಕ್ಕಿಂತಲೂ ಕಡಮೆ ಖರ್ಚಿನ ಚಿಕಿತ್ಸೆ.

ಈ ಲೆಕ್ಕವನ್ನು ನಮ್ಮ ಮನೆಯಲ್ಲಿ ಹೇಳಿದ ಮರುದಿನವೇ ನನ್ನ ಹೆಂಡತಿ ಅಡಿಗೆಮನೆಯ ಏರ್ಪಾಟನ್ನು ಬದಲಾಯಿಸಿದಳು. ನೆಲದ ಮೇಲೆ ಮೂಲೆಯಲ್ಲಿದ್ದ ಅಕ್ಕಿಯ ಡಬ್ಬ, ಹಿಟ್ಟಿನ ಡಬ್ಬ, ರುಬ್ಬುವ ಯಂತ್ರ, ಭಾರದವೆಲ್ಲ ಸೊಂಟದ ಎತ್ತರದ ಹಲಗೆಗೆ ಏರಿದವು. ಹಪ್ಪಳ, ಶಾವಿಗೆ ಮೊದಲಾದ ಹಗುರವಾದವು ಮೇಲಕ್ಕೂ ಕೆಳಕ್ಕೂ ಹೋದವು. ನೆಲದಿಂದ ಭಾರವನ್ನು ಎತ್ತಲೇಬೇಕಾದಾಗ ಹತ್ತಿರಕ್ಕೆ ಹೋಗಿ, ಮೊಳಕಾಲನ್ನು ಮಡಿಸಿ, ವಸ್ತುವನ್ನು ಮೈಗೆ ತಾಗಿಸಿಕೊಂಡು ಏಳಬೇಕು. ಮೊಳಕಾಲನ್ನು ಮಡಿಸಿಯೂ ವಸ್ತುವನ್ನು ದೂರದಲ್ಲಿಯೇ ಹಿಡಿದರೆ ಪ್ರಯೋಜನ ಸ್ವಲ್ಪ. ಭಾರವು ಹತ್ತಿರವಿರಲಿ ಎಂಬುದೇ ಮುಖ್ಯವಾದ ಸೂತ್ರ.

ದೂರವನ್ನು ಪೂರ್ಣವಾಗಿ ಇಲ್ಲವಾಗಿಸುವ ಉಪಾಯವನ್ನು ನಮ್ಮ ಹಳ್ಳಿಗಳ ಹೆಂಗಸರು ಯಾವ ಗಣಿತವನ್ನೂ ಓದದೆ ಕಂಡುಕೊಂಡಿದ್ದರು. ತಲೆಯ ಮೇಲೆ ಸಿಂಬಿಯನ್ನು ಇಟ್ಟು ಅದರ ಮೇಲೆ ಕೊಡವನ್ನು ನಿಲ್ಲಿಸಿದರೆ, ಭಾರವು ನೇರವಾಗಿ ಬೆನ್ನುಮೂಳೆಯ ಮೇಲೆಯೇ ಇಳಿಯುತ್ತದೆ. ಮುಂದಕ್ಕಾಗಲಿ ಪಕ್ಕಕ್ಕಾಗಲಿ ಎಳೆಯುವುದಿಲ್ಲ. ಆಫ್ರಿಕದ ಕೀನ್ಯಾದೇಶದಲ್ಲಿ ಹೀಗೆ ಹೊರುವ ಹೆಂಗಸರ ಉಸಿರನ್ನು ಅಳೆದು ನೋಡಿದ ವಿಜ್ಞಾನಿಗಳು 1986ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ತಮ್ಮ ತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ಅವರು, ಬರಿಗೈಯಲ್ಲಿ ನಡೆಯುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ವ್ಯಯಮಾಡದೆ, ಹೊತ್ತು ನಡೆಯುತ್ತಿದ್ದರು. ಇದು ಎಳೆಯ ವಯಸ್ಸಿನಿಂದ ಬಂದ ಅಭ್ಯಾಸದ ಫಲ, ಎಲ್ಲರಿಗೂ ದಕ್ಕುವುದಲ್ಲ. ಅತಿಯಾದ ಹೊರೆ ಕತ್ತಿಗೆ ಕೇಡೆಂಬುದೂ ನಿಜ. ಆದರೂ ಸಿಂಬಿಯನ್ನು ಸುತ್ತಿದ ಆ ಕೈಗಳ ತಿಳಿವಳಿಕೆಗೆ ನಾವು ಗೌರವವನ್ನು ಸಲ್ಲಿಸಬೇಕು.

ಸನ್ನೆಯ ಜೊತೆಗೆ ತಿಳಿಯಬೇಕಾದ ಇನ್ನೊಂದು ತತ್ತ್ವವೆಂದರೆ ಗುರುತ್ವಕೇಂದ್ರ. ಒಂದು ವಸ್ತುವಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿ ಸೇರಿದೆಯೆಂದು ಎಣಿಸಬಹುದಾದ ಸ್ಥಳವೇ ಅದು. ಬೊರೆಲ್ಲಿಯು ಮನುಷ್ಯನೊಬ್ಬನನ್ನು ಹಲಗೆಯ ಮೇಲೆ ಮಲಗಿಸಿ, ಹಲಗೆಯನ್ನು ಚೂಪಾದ ಅಂಚಿನ ಮೇಲೆ ತೂಗಿಸಿ, ಅದು ಸೊಂಟದ ಮಟ್ಟದಲ್ಲಿ ಇರುವುದನ್ನು ಕಂಡುಕೊಂಡನು. ಆ ಬಿಂದುವಿನಿಂದ ಕೆಳಗಿಳಿಸಿದ ತೂಗುಗುಂಡಿನ ದಾರವು ಎರಡು ಪಾದಗಳ ನಡುವಣ ನೆಲದಲ್ಲಿ ಬೀಳುವತನಕ ನಾವು ನಿಂತಿರುತ್ತೇವೆ. ಹೊರಗೆ ಬಿದ್ದರೆ ಬೀಳುತ್ತೇವೆ. ಹಿಮ್ಮಡಿಗಳನ್ನೂ ಬೆನ್ನನ್ನೂ ಗೋಡೆಗೆ ತಾಗಿಸಿ ನಿಂತು, ಮೊಳಕಾಲನ್ನು ಮಡಿಸದೆ ನೆಲವನ್ನು ಮುಟ್ಟುವಂತೆ ಮಕ್ಕಳಿಗೆ ಹೇಳಿ ನೋಡಿರಿ. ಎಂತಹ ಚುರುಕಾದ ಮಕ್ಕಳೂ ಮುಗ್ಗರಿಸುತ್ತಾರೆ. ಬಗ್ಗುವಾಗ ನಾವು ಅರಿವಿಲ್ಲದೆಯೇ ಹಿಂಭಾಗವನ್ನು ಹಿಂದಕ್ಕೆ ಸರಿಸಿ ಸಮತೂಕವನ್ನು ಕಾಯುತ್ತೇವೆ. ಗೋಡೆಯು ಅದಕ್ಕೆ ಎಡೆಗೊಡುವುದಿಲ್ಲ. ಹಿರಿಯರು ಕುರ್ಚಿಯಿಂದ ಏಳಲಾರದೆ ಕೈಸೋತು ಕೂರುವುದಕ್ಕೂ ಅನೇಕ ವೇಳೆ ಇದೇ ಕಾರಣ. ಪಾದಗಳನ್ನು ಮುಂದಕ್ಕೆ ಚಾಚಿ, ಬೆನ್ನನ್ನು ನೆಟ್ಟಗಿರಿಸಿ ಏಳಲು ಯಾರಿಂದಲೂ ಆಗದು. ಪಾದಗಳನ್ನು ಕುರ್ಚಿಯ ಕಡೆಗೆ ಹಿಂದಕ್ಕೆಳೆದುಕೊಂಡು, ತಲೆಯನ್ನು ಪಾದಗಳ ಮೇಲಕ್ಕೆ ಬರುವಂತೆ ಮುಂದಕ್ಕೆ ಬಾಗಿಸಿದರೆ, ಅದೇ ಕಾಲುಗಳು ಅದೇ ದೇಹವನ್ನು ಎತ್ತಿ ನಿಲ್ಲಿಸುತ್ತವೆ.

ಇಷ್ಟನ್ನೂ ನಾನು ಕೇವಲ ಕುತೂಹಲಕ್ಕಾಗಿ ಓದಿದವನಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಗಣಿತವನ್ನು ಹೇಳಿಕೊಟ್ಟ ನನಗೆ ಸನ್ನೆಯ ಸೂತ್ರವು ಬಾಯಿಪಾಠವಾಗಿತ್ತು; ಅದು ನಮ್ಮ ಮನೆಯ ಸಂಗತಿಯಾದುದು ತಾಯಿಯವರ ಕಾಲುನೋವಿನಿಂದ. ಅವರಿಗೆ ಈಗ 81 ವರ್ಷ. ಎರಡು ಬೀದಿಗಳ ಆಚೆಗೆ ಅವರ ತಂಗಿ, ನನ್ನ ಚಿಕ್ಕಮ್ಮನವರು, ಇದ್ದಾರೆ. ಚಿಕ್ಕಮ್ಮನವರಿಗೆ ಕೆಲವು ವರ್ಷಗಳಿಂದ ಕಣ್ಣು ಕಾಣದು. ದಿನವೂ ಸಂಜೆ ತಾಯಿಯವರು ಅಲ್ಲಿಗೆ ನಡೆದುಹೋಗಿ, ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಂಗಿಗೆ ಓದಿಹೇಳಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವುದು ವಾಡಿಕೆ. ಮೂರು ವರ್ಷಗಳ ಹಿಂದೆ ಅವರ ಸೊಂಟದ ಎಡಗಡೆಯ ಕೀಲು ನೋಯಲು ಮೊದಲಾಯಿತು. ನಡೆಯುವಾಗ ಮೈ ಎಡಕ್ಕೆ ವಾಲತೊಡಗಿತು. ಮೊದಲು ವಾರದಲ್ಲಿ ಒಂದೆರಡು ದಿನ ತಪ್ಪುತ್ತಿದ್ದ ಸಂಜೆಯ ಓದು ಕ್ರಮೇಣ ನಿಂತೇಹೋಯಿತು. ಆಟೋರಿಕ್ಷಾ ಕರೆಯುತ್ತೇನೆಂದರೆ ಒಪ್ಪರು. "ಎರಡು ಬೀದಿಗೆ ಗಾಡಿ ಹತ್ತುವಷ್ಟು ದೊಡ್ಡ ಮನುಷ್ಯಳಾದೆನೆ?" ಎಂದು ಕೇಳುವರು. ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿಯನ್ನು ನೋಡುತ್ತ ಕೂರುವರು. ಅತ್ತ ಚಿಕ್ಕಮ್ಮನವರು, ಅಕ್ಕ ಇಂದಾದರೂ ಬಂದಾಳೆಂದು ಬಾಗಿಲ ಸಪ್ಪಳಕ್ಕೆ ಕಿವಿಗೊಟ್ಟು ಕೂರುವರು.

ವೈದ್ಯರು ಕ್ಷಕಿರಣದ ಚಿತ್ರವನ್ನು ತೋರಿಸಿ, ಕೀಲಿನ ಮೆತ್ತೆಯಂತಿರುವ ಮೃದುವಾದ ಎಲುಬು ಸವೆದಿದೆಯೆಂದರು. ಶಸ್ತ್ರಚಿಕಿತ್ಸೆಯ ಮಾತನ್ನು ಮುಂದೆ ನೋಡೋಣ, ಸದ್ಯಕ್ಕೆ ಹೇಳಿಕೊಟ್ಟ ವ್ಯಾಯಾಮವನ್ನು ಮಾಡುತ್ತ, ಬಲಗೈಯಲ್ಲಿ ಊರುಗೋಲನ್ನು ಹಿಡಿದು ನಡೆಯಲಿ ಎಂದು ಹೇಳಿದರು. ತಾಯಿಯವರಿಗೆ ಊರುಗೋಲೆಂಬುದೇ ಸೇರದು. ಅದು ಮುದುಕಿಯರ ಲಕ್ಷಣವಂತೆ. ಅದನ್ನಾದರೂ ಹೇಗೋ ಒಪ್ಪಿದರು. ಆದರೆ ಬಲಗೈಯಲ್ಲಿ ಎಂಬ ಮಾತು ಮಾತ್ರ ಅವರ ಮನಸ್ಸಿಗೆ ಒಗ್ಗಲಿಲ್ಲ. "ನೋವು ಎಡಗಡೆ, ಕೋಲು ಬಲಗಡೆ! ಗೋಡೆ ಬೀಳುವ ಕಡೆಗೆ ಒತ್ತುಗೋಲು ಕೊಡುತ್ತಾರೋ, ಗಟ್ಟಿಯಾಗಿರುವ ಕಡೆಗೋ?" ಎಂದು ಕೇಳಿ, ಕೋಲನ್ನು ಎಡಗೈಗೆ ತೆಗೆದುಕೊಂಡು ನಾಲ್ಕು ಹೆಜ್ಜೆ ನಡೆದು, "ಇದರಿಂದ ಏನೂ ಆಗುವುದಿಲ್ಲ" ಎಂದು ಮೂಲೆಗೆ ಒರಗಿಸಿಬಿಟ್ಟರು.

ತಾಯಿಯವರ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವು ಸೊಂಟದ ಸನ್ನೆಯಲ್ಲಿದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕಾಲು ನೆಲವನ್ನು ಬಿಡುತ್ತದೆ. ಮೈಯೆಲ್ಲ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತದೆ. ಎಡಗಾಲಿನ ಮೇಲೆ ನಿಂತಾಗ ಎಡಗೀಲೇ ಆನಿಕೆ. 60 ಕಿಲೋ ತೂಕದವರಲ್ಲಿ ನೆಲದ ಮೇಲಿನ ಕಾಲನ್ನು ಕಳೆದರೆ ಉಳಿದ 50 ಕಿಲೋ, ಆ ಕೀಲಿನಿಂದ ಬಲಕ್ಕೆ ಸುಮಾರು 4 ಅಂಗುಲದ ದೂರದಲ್ಲಿ ತೂಗುತ್ತದೆ. ಮೈಯು ಬಲಕ್ಕೆ ಕುಸಿಯದಂತೆ ಸೊಂಟದ ಎಡ ಹೊರಮಗ್ಗುಲಿನ ಸ್ನಾಯುಗಳು ಎಳೆದು ಹಿಡಿಯಬೇಕು. ಅವುಗಳಿಗಿರುವ ದೂರ ಸುಮಾರು 2 ಅಂಗುಲ ಮಾತ್ರ. ಆದುದರಿಂದ ಅವುಗಳ ಎಳೆತ 100 ಕಿಲೋ. ಮೈಯ 50, ಸ್ನಾಯುವಿನ 100, ಒಟ್ಟು 150 ಕಿಲೋ, ಎಂದರೆ ಮೈತೂಕದ ಎರಡೂವರೆ ಮಡಿ, ಸವೆದ ಆ ಕೀಲಿನ ಮೇಲೆ ಹೆಜ್ಜೆಹೆಜ್ಜೆಗೂ ಬೀಳುತ್ತದೆ.

ಇದು ಕೇವಲ ಕಾಗದದ ಲೆಕ್ಕವಲ್ಲ. ಬರ್ಲಿನ್ ನಗರದಲ್ಲಿ ಬರ್ಗ್‌ಮನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕೃತಕವಾದ ಸೊಂಟದ ಕೀಲಿನೊಳಗೆ ಅಳೆಯುವ ಸೂಕ್ಷ್ಮ ಸಾಧನವನ್ನು ಅಡಗಿಸಿ, ಅದನ್ನು ಧರಿಸಿದ ರೋಗಿಗಳು ನಡೆಯುವಾಗ ಬೀಳುವ ಒತ್ತಡವನ್ನು ಗುರುತಿಸಿಕೊಂಡರು. 2001ರಲ್ಲಿ ಅವರು ಪ್ರಕಟಿಸಿದ ಅಳತೆಗಳು ಈ ಲೆಕ್ಕವನ್ನು ಸಮರ್ಥಿಸುತ್ತವೆ: ಸಾಧಾರಣ ನಡಿಗೆಯಲ್ಲಿ ಒತ್ತಡವು ಮೈತೂಕದ ಎರಡೂವರೆ ಮಡಿಯ ಆಸುಪಾಸಿನಲ್ಲಿತ್ತು. ಎಡವಿ ಮುಗ್ಗರಿಸಿದಾಗ ಅದು ಏಳೆಂಟು ಮಡಿಗೆ ಏರಿದುದೂ ಉಂಟು.

ತಾಯಿಯವರ ಮೈ ನೋವಿರುವ ಕಡೆಗೇ ವಾಲುತ್ತಿದ್ದುದನ್ನು ಕಂಡು ನೆರೆಮನೆಯವರು ಆಶ್ಚರ್ಯಪಡುತ್ತಿದ್ದರು. ಅದೂ ಈ ಸನ್ನೆಯ ಮಾತೇ. ಮೈಯನ್ನು ಎಡಕ್ಕೆ ವಾಲಿಸಿದರೆ ಭಾರವು ಆನಿಕೆಗೆ ಹತ್ತಿರವಾಗುತ್ತದೆ. 4 ಅಂಗುಲವು 2 ಆದರೆ ಸ್ನಾಯುವಿನ ಎಳೆತ 50ಕ್ಕೆ ಇಳಿಯುತ್ತದೆ. ಕೀಲಿನ ಮೇಲೆ 150ರ ಬದಲು 100. ಸೂತ್ರವನ್ನು ಎಂದೂ ಓದದ ದೇಹವು ನೋವನ್ನೇ ಗುರುವಾಗಿ ಮಾಡಿಕೊಂಡು ಇದನ್ನು ತಾನಾಗಿಯೇ ಕಲಿತಿತ್ತು. ಆದರೆ ಹಾಗೆ ಹೆಜ್ಜೆಹೆಜ್ಜೆಗೂ ತೊನೆಯುವ ಸಾಲವನ್ನು ಬೆನ್ನು ತೀರಿಸಬೇಕಾಗುತ್ತದೆ.

ಇನ್ನು ಊರುಗೋಲು. ಬಲಗೈಯ ಕೋಲು ಎಡಗೀಲಿನಿಂದ ಸುಮಾರು 16 ಅಂಗುಲದ ದೂರದಲ್ಲಿ ನೆಲವನ್ನು ಊರುತ್ತದೆ. ಅದರ ಮೇಲೆ 5 ಕಿಲೋ ಬಲವನ್ನು ಊರಿದರೆ, ಹದಿನಾರೈದಲೆ 80. ಮೈಭಾರದ 200ರಲ್ಲಿ 80 ಕಳೆದು 120 ಉಳಿಯಿತು. ಅದನ್ನು 2ರಿಂದ ಭಾಗಿಸಿದರೆ ಸ್ನಾಯುವಿನ ಎಳೆತ 60. ಮೈಯ 50, ಸ್ನಾಯುವಿನ 60, ಕೋಲು ಹೊತ್ತ 5ನ್ನು ಕಳೆದು, ಕೀಲಿನ ಮೇಲೆ 105 ಕಿಲೋ. 150 ಇದ್ದುದು 105 ಆಯಿತು. ಕೈ ಕೊಟ್ಟುದು 5, ಕೀಲಿಗೆ ಉಳಿದುದು 45! ನೋವಿರುವ ಕಡೆಯ ಕೈಯಲ್ಲಿಯೇ ಕೋಲನ್ನು ಹಿಡಿದರೆ, ಅದು ಆನಿಕೆಯ ಇನ್ನೊಂದು ಮಗ್ಗುಲಿಗೆ ಬಂದುಬಿಡುವುದರಿಂದ ಈ ಸಹಾಯವು ದೊರೆಯುವುದಿಲ್ಲ. ಮೈಯನ್ನು ಕೋಲಿನ ಮೇಲೆ ಮತ್ತಷ್ಟು ವಾಲಿಸಬೇಕಾಗುತ್ತದೆ. ಈ ಸೊಂಟದ ಸನ್ನೆಯನ್ನು ಜರ್ಮನಿಯ ಪೌವೆಲ್ಸ್ ಎಂಬ ವೈದ್ಯರು 1935ರಲ್ಲಿಯೇ ವಿವರಿಸಿದ್ದರು. ಅಮೆರಿಕದ ಬ್ಲೌಂಟ್ ಎಂಬ ಶಸ್ತ್ರವೈದ್ಯರು 1956ರಲ್ಲಿ, ಊರುಗೋಲನ್ನು ಎಸೆಯಬೇಡಿ ಎಂಬರ್ಥದ ತಲೆಬರಹವನ್ನಿಟ್ಟು, ಒಂದು ಲೇಖನವನ್ನೇ ಬರೆದರು.

ನಾನು ಮೊಮ್ಮಗಳ ಸ್ಲೇಟಿನ ಮೇಲೆ ಒಂದು ಗೆರೆಯನ್ನೂ ನಡುವೆ ಒಂದು ಆನಿಕೆಯನ್ನೂ ಬರೆದು, ಈ ಅಂಕಿಗಳನ್ನು ತಾಯಿಯವರಿಗೆ ಒಂದೊಂದಾಗಿ ತೋರಿಸಿದೆ. ಅವರು ಸ್ವಲ್ಪಹೊತ್ತು ಸುಮ್ಮನೆ ನೋಡುತ್ತಿದ್ದು, ಆಮೇಲೆ, "ಇದು ನಮ್ಮಪ್ಪನ ಮನೆಯ ಏತವಲ್ಲವೇನೋ!" ಎಂದರು. ಅವರ ತೌರು ಕೋಲಾರದ ಕಡೆಯ ಒಂದು ಹಳ್ಳಿ. ಅವರ ಬಾಲ್ಯದಲ್ಲಿ ಅಲ್ಲಿ ಏತದಿಂದಲೇ ತೋಟಕ್ಕೆ ನೀರು. ಕಂಬದ ಮೇಲೆ ಅಡ್ಡಲಾಗಿ ತೂಗುವ ಉದ್ದನೆಯ ಮರ; ಅದರ ಮುಂದಿನ ತುದಿಯಿಂದ ಬಾವಿಗೆ ಇಳಿಬಿಟ್ಟ ಗಳು, ಗಳುವಿನ ತುದಿಯಲ್ಲಿ ನೀರಿನ ಪಾತ್ರೆ. ಮರದ ಮೇಲೆ ಒಬ್ಬ ಆಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದನು.

"ಒಬ್ಬ ಸಣಕಲು ಹುಡುಗ ಇದ್ದ ಕಣೋ. ಅವನು ಮರದ ಮೇಲೆ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ತುಂಬಿದ ನೀರು ಮೇಲಕ್ಕೆ ಬರುತ್ತಿತ್ತು. ಮುಂದಕ್ಕೆ ನಾಲ್ಕು ಹೆಜ್ಜೆ ಬಂದರೆ ಕೆಳಕ್ಕೆ ಇಳಿಯುತ್ತಿತ್ತು. ಅವನ ತೂಕವೇನು ಗಳಿಗೆಗಳಿಗೆಗೆ ಹೆಚ್ಚಿ ತಗ್ಗುತ್ತಿತ್ತೆ? ನಿಂತ ಜಾಗ ಬೇರೆ, ಅಷ್ಟೆ. ನಿನ್ನ ಕೋಲೂ ದೂರ ಹೋಗಿ ನಿಂತುಕೊಳ್ಳುತ್ತೆ ಅನ್ನು."

ಮೂವತ್ತು ವರ್ಷ ಪಾಠ ಹೇಳಿದರೂ ಸನ್ನೆಯ ನಿಯಮಕ್ಕೆ ಇಷ್ಟು ಚೊಕ್ಕವಾದ ವಿವರಣೆಯನ್ನು ನಾನು ಯಾವ ವಿದ್ಯಾರ್ಥಿಯ ಬಾಯಿಂದಲೂ ಕೇಳಿರಲಿಲ್ಲ. ಅವರು ಎದ್ದು, ಮೂಲೆಯ ಕೋಲನ್ನು ತೆಗೆದುಕೊಂಡು, ಬಲಗೈಯಲ್ಲಿ ಹಿಡಿದು ಪಡಸಾಲೆಯ ಉದ್ದಕ್ಕೂ ಎರಡು ಬಾರಿ ನಡೆದರು. ಒಂದು ವಾರದ ಅಭ್ಯಾಸದ ಮೇಲೆ ಎರಡು ಬೀದಿಯ ದಾರಿ ಮತ್ತೆ ಅವರ ಕಾಲಿಗೆ ಎಟುಕಿತು. ನೋವು ಹೋಯಿತೆಂದು ನಾನು ಹೇಳುವುದಿಲ್ಲ. ಕೀಲಿನ ಸವೆತವನ್ನು ಕೋಲು ಅಳಿಸಲಾರದು, ಶಸ್ತ್ರಚಿಕಿತ್ಸೆಯ ಮಾತೂ ಉಳಿದೇ ಇದೆ. ಆದರೆ ಮಳೆಯಿಲ್ಲದ ಸಂಜೆಗಳಲ್ಲಿ ಚಿಕ್ಕಮ್ಮನವರಿಗೆ ಪತ್ರಿಕೆಯ ಸುದ್ದಿ ತಪ್ಪುತ್ತಿಲ್ಲ.

ಊರುಗೋಲನ್ನು ಕುರಿತು ಎರಡು ಮಾತನ್ನು ಹೇಳುವುದು ಅವಶ್ಯ. ಪಾದರಕ್ಷೆ ತೊಟ್ಟು ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟಾಗ ಕೋಲಿನ ಹಿಡಿಯು ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಳಕೈ ತುಸು ಮಡಿಸಿರಬೇಕು. ಅಡಿಯಲ್ಲಿ ಸವೆಯದ ರಬ್ಬರಿನ ಬಿಲ್ಲೆ ಇರಬೇಕು. ನೋವಿನ ಕಾಲೂ ಕೋಲೂ ಒಟ್ಟಿಗೆ ಮುಂದಕ್ಕೆ ಹೋಗಬೇಕು. ಮೆಟ್ಟಲನ್ನು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ಏಕೆಂದರೆ ಮೈಯನ್ನು ಎತ್ತುವುದೂ ಇಳಿಸುವುದೂ ಮೇಲಿನ ಮೆಟ್ಟಲಲ್ಲಿರುವ ಕಾಲಿನ ಕೆಲಸ. ಕೈಚೀಲವನ್ನು ಒಯ್ಯಲೇಬೇಕಾದರೆ ಅದು ಹಗುರವಾಗಿರಲಿ, ನೋವಿರುವ ಕಡೆಯ ಕೈಯಲ್ಲಿಯೇ ಇರಲಿ. ಇನ್ನೊಂದು ಕೈಯಲ್ಲಿ ತೂಗಿದರೆ ಕೋಲು ಯಾವ ದೂರದಿಂದ ಉಪಕಾರ ಮಾಡುವುದೋ ಅದೇ ದೂರದಿಂದ ಚೀಲವು ಅಪಕಾರವನ್ನು ಮಾಡುತ್ತದೆ. ನಾನು ಕೊಟ್ಟ ಅಂಕಿಗಳೆಲ್ಲ ಸುಲಭವಾಗಿ ತಿಳಿಯಲೆಂದು ಸರಳಗೊಳಿಸಿದವು. ಒಬ್ಬೊಬ್ಬರ ಮೈಕಟ್ಟಿಗೂ ಅವು ಹೆಚ್ಚುಕಡಮೆಯಾಗುತ್ತವೆ.

ದೇಹವನ್ನು ಯಂತ್ರವೆಂದು ಕರೆದೆನಾದರೂ, ಒಂದು ವಿಷಯದಲ್ಲಿ ಅದು ಯಂತ್ರದ ಜಾತಿಗೆ ಸೇರಿದುದಲ್ಲ. ಗಡಿಯಾರವಾಗಲಿ ಪಂಪಾಗಲಿ ಓಡಿದಷ್ಟೂ ಸವೆಯುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಹಾಗೆಯೇ ಉಳಿಯುತ್ತದೆ. ದೇಹದ ರೀತಿಯೇ ಬೇರೆ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಎಲುಬು ತನ್ನ ಕಟ್ಟನ್ನು ಬದಲಾಯಿಸಿಕೊಳ್ಳುತ್ತದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ ಎಂಬ ಶಸ್ತ್ರವೈದ್ಯನು 1892ರಲ್ಲಿ ಗ್ರಂಥವನ್ನು ಬರೆದನು. ಹದವಾಗಿ ಭಾರ ಬಿದ್ದರೆ ಎಲುಬೂ ಸ್ನಾಯುವೂ ಗಟ್ಟಿಯಾಗುತ್ತವೆ. ಭಾರವೇ ಇಲ್ಲದಿದ್ದರೆ ಕರಗುತ್ತವೆ. ಭೂಮಿಯ ಸೆಳೆತವನ್ನು ಅರಿಯದೆ ತಿಂಗಳುಗಟ್ಟಲೆ ಆಕಾಶದಲ್ಲಿ ತೇಲಿ ಬಂದ ಯಾತ್ರಿಕರ ಎಲುಬು ಕೃಶವಾಗುವುದೂ, ಬಹುಕಾಲ ಹಾಸಿಗೆ ಹಿಡಿದವರ ಕಾಲು ಬಡವಾಗುವುದೂ ಇದೇ ಕಾರಣದಿಂದ. ನೋಯುತ್ತದೆಂದು ಹಿರಿಯರನ್ನು ಕುರ್ಚಿಯಲ್ಲಿಯೇ ಕೂರಿಸಿ ಎಲ್ಲವನ್ನೂ ಕೈಗೆ ತಂದುಕೊಡುವುದು ಪ್ರೀತಿಯ ಕೆಲಸವೆಂದು ತೋರಬಹುದು. ಅದು ಅವರ ಉಳಿದಿರುವ ಬಲವನ್ನೂ ಕಳೆಯುತ್ತದೆ. ಭಾರವನ್ನು ಪೂರ್ತಿಯಾಗಿ ತಪ್ಪಿಸುವುದರ ಬದಲು, ಅವರು ತಾಳಬಲ್ಲಷ್ಟಕ್ಕೆ ಇಳಿಸಿ ನಡೆಯಗೊಡುವುದೇ ಲೇಸು.

ನಮ್ಮ ಮನೆಗಳಲ್ಲಿ ಹಿರಿಯರು ಕುಂಟುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗದೆ ಒಂದು ದಿನ ಅವರ ಹಿಂದೆ ನಿಂತು ನಡಿಗೆಯನ್ನು ನೋಡೋಣ. ಮೈ ಯಾವ ಕಡೆಗೆ ವಾಲುತ್ತದೆ, ಕೋಲು ಯಾವ ಕೈಯಲ್ಲಿದೆ, ಅದರ ಉದ್ದ ಸರಿಯಾಗಿದೆಯೆ ಎಂಬುದನ್ನು ಗಮನಿಸಿ, ವೈದ್ಯರನ್ನು ವಿಚಾರಿಸೋಣ. ಆಮೇಲೆ ಅವರು ಹೋಗಬೇಕೆಂದಿರುವ ಕಡೆಗೆ, ಅವರ ಹೆಜ್ಜೆಯ ವೇಗದಲ್ಲಿಯೇ, ಮೊದಲ ಕೆಲವು ದಿನ ಜೊತೆಯಾಗಿ ನಡೆಯೋಣ.